ಡಿಶ್ ಬಾಕ್ಸಿನ ಸಾಲುಗಳು: ಒಂದು ವ್ಯಾಖ್ಯಾನ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ: ಧಾರವಾಡ ಜಿಲ್ಲೆಯ ಈ ಯಾವ ಪೇಟೆಯಲ್ಲಿ ವಿಚಾರಿಸಿದರೂ ಡಿಶ್ ಬಾಕ್ಸ್ ಎರಡು ಬಗೆ. ಒಂದು, ತಿಂಗಳು ತಿಂಗಳು ರೀಚಾರ್ಜ್ ಕೇಳುವ ಕಂಪನಿ ಬಾಕ್ಸ್. ಇನ್ನೊಂದು, ಒಮ್ಮೆ ದುಡ್ಡು ಕೊಟ್ಟು ತಂದರೆ ಮುಗಿಯುವ ಫ್ರೀ ಡಿಶ್ ಬಾಕ್ಸ್. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು: ರೇಟ್ ಎಷ್ಟು, ಚಾನೆಲ್ ಎಷ್ಟು. ಆ ಬಾಕ್ಸು ನಮ್ಮ ಮನೆಗೆ ಹೊಂದುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಮಾತ್ರ ರಟ್ಟಿನ ಪೆಟ್ಟಿಗೆಯ ಮೇಲೆ ಮತ್ತು ಟಿವಿಯಲ್ಲಿ ಮೂಡುವ ಸೆಟ್ಟಿಂಗ್ ಪರದೆಯ ಮೇಲೆ ಇರುತ್ತದೆ. ಇಂಗ್ಲಿಷ್ ಅಕ್ಷರ, ಅರ್ಥವಾಗದ ಅಂಕಿ ಎಂದು ನಾವು ಅದನ್ನು ಓದದೆ ಬಿಡುತ್ತೇವೆ. ಆ ಸಾಲುಗಳನ್ನೇ ಮೂಲವಾಗಿಟ್ಟುಕೊಂಡು ಇಲ್ಲಿ ಅರ್ಥ ಬರೆದಿದ್ದೇನೆ. ಬಾಕ್ಸಿನಿಂದ ಬಾಕ್ಸಿಗೆ ಪದ ತುಸು ಬದಲಾದೀತು, ವಿಷಯ ಬದಲಾಗುವುದಿಲ್ಲ.

ಫ್ರೀ ಟು ಏರ್. ನೋ ಮಂತ್ಲಿ ಚಾರ್ಜಸ್.

ಬೀಗ ಹಾಕದ ಸಿಗ್ನಲ್ ಎಂದು ಅರ್ಥ. ಆಕಾಶದಿಂದ ಬಿದ್ದದ್ದನ್ನು ಯಾವ ಕಂಪನಿಯ ಬಾಕ್ಸಾದರೂ ಹಿಡಿದು ತೋರಿಸಬಹುದು, ಯಾರ ಅಪ್ಪಣೆಯೂ ಬೇಡ. ನಮ್ಮ ದೇಶದಲ್ಲಿ ಈ ಸಾಲಿಗೆ ಜೀವ ತುಂಬಿದ್ದು ದೂರದರ್ಶನ. 2004ರ ಡಿಸೆಂಬರ್ 16ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ‘ಡಿಡಿ ಡೈರೆಕ್ಟ್ ಪ್ಲಸ್’ ಸೇವೆಗೆ ಚಾಲನೆ ಕೊಟ್ಟಾಗ ಅದರಲ್ಲಿ ಇದ್ದದ್ದು 33 ಚಾನೆಲ್. ಮುಂದೆ ಅದೇ ‘ಡಿಡಿ ಫ್ರೀ ಡಿಶ್’ ಆಯಿತು. ಪ್ರಸಾರ ಭಾರತಿ ಅದನ್ನು ನಡೆಸುತ್ತದೆ. ಖಾಸಗಿ ಚಾನೆಲ್ಲುಗಳು ಇ-ಹರಾಜಿನಲ್ಲಿ ದುಡ್ಡು ಕಟ್ಟಿ ಅಲ್ಲಿ ಜಾಗ ಹಿಡಿಯುತ್ತವೆ, ನೋಡುವವರು ಏನೂ ಕೊಡಬೇಕಾಗಿಲ್ಲ.

ಎದುರುಗಡೆಯ ಲೆಕ್ಕವನ್ನೂ ನೋಡಬೇಕು. 2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಕಂಪನಿ ಬಾಕ್ಸಿನವರು ತೆಗೆದುಕೊಳ್ಳಬಹುದಾಗಿದ್ದ ಮೂಲ ಶುಲ್ಕದ ಮಿತಿ ತಿಂಗಳಿಗೆ 130 ರೂಪಾಯಿ. ಶೇಕಡಾ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಹಣ ಕೊಟ್ಟೇ ನೋಡಬೇಕಾದ ಚಾನೆಲ್ಲುಗಳ ದರ ಇದರ ಮೇಲೆ. 2024ರ ಜುಲೈಯಲ್ಲಿ ಆ ಮಿತಿಯನ್ನೂ ತೆಗೆದರು. ಹಳೆಯ ಮಿತಿಯನ್ನೇ ಹಿಡಿದರೂ ವರ್ಷಕ್ಕೆ 1,840 ರೂಪಾಯಿ ಬರೀ ಬಾಗಿಲು ತೆರೆಯುವುದಕ್ಕೆ. ಮೆಣಸಿನಕಾಯಿಗೋ ಹೆಸರಿಗೋ ದರ ಬಿದ್ದ ವರ್ಷ ಒಣಬೇಸಾಯದ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು ಇದು. ರೀಚಾರ್ಜ್ ನಿಂತ ದಿನವೇ ಆ ಮನೆಯಲ್ಲಿ ಹವಾಮಾನದ ಸುದ್ದಿಯೂ ಕೃಷಿ ಕಾರ್ಯಕ್ರಮವೂ ನಿಂತುಹೋಗಬಾರದು ಎಂಬುದೇ ಈ ಸಾಲಿನ ತೂಕ.

ಡಿವಿಬಿ-ಎಸ್2. ಎಂಪೆಗ್-4. ಎಚ್‌ಡಿ.

ರಟ್ಟಿನ ಪೆಟ್ಟಿಗೆಯ ಮೇಲೆ ಒಂದೇ ಸಾಲು ಓದಲು ಪುರಸೊತ್ತಿದ್ದರೆ ಈ ಸಾಲನ್ನು ಓದಿ. ಎಂಪೆಗ್ ಎಂದರೆ ಚಿತ್ರವನ್ನು ಮಡಚಿ ಸಣ್ಣದು ಮಾಡಿ ಕಳಿಸುವ ಪದ್ಧತಿ. ಎಂಪೆಗ್-2 ಹಳೆಯದು. ಎಂಪೆಗ್-4 ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಚಿತ್ರವನ್ನು ಕೂರಿಸುತ್ತದೆ. 2007ರಲ್ಲಿ ಶುರುವಾದ ಸನ್ ಡೈರೆಕ್ಟ್ ಮೊದಲ ದಿನದಿಂದಲೇ ಎಂಪೆಗ್-4 ಬಳಸಿತು. ಫ್ರೀ ಡಿಶ್‌ನಲ್ಲಿ ಕೆಲವು ಚಾನೆಲ್ ಎಂಪೆಗ್-2ರಲ್ಲೂ ಕೆಲವು ಎಂಪೆಗ್-4ರಲ್ಲೂ ಬಂದಿವೆ. ಆದ್ದರಿಂದ ಹಳೆಯ ಎಂಪೆಗ್-2 ಬಾಕ್ಸ್ ಇರುವ ಮನೆಗೂ ಪಕ್ಕದ ಎಂಪೆಗ್-4 ಬಾಕ್ಸಿನ ಮನೆಗೂ, ಡಿಶ್ ಒಂದೇ, ದಿಕ್ಕು ಒಂದೇ ಇದ್ದರೂ ಚಾನೆಲ್ ಲೆಕ್ಕ ಬೇರೆ ಬರುತ್ತದೆ. “ಅವರ ಮನ್ಯಾಗ ಬರತೈತಿ, ನಮ್ಮ ಮನ್ಯಾಗ ಯಾಕ ಬರವಲ್ದು?” ಎಂಬ ಪ್ರಶ್ನೆಗೆ ಬಹಳ ಸಲ ಇದೇ ಉತ್ತರ. ಹಳೆಯ ಬಾಕ್ಸನ್ನು ಎಷ್ಟು ಸಲ ಸರ್ಚ್ ಮಾಡಿದರೂ ಹೊಸ ಪದ್ಧತಿಯ ಚಾನೆಲ್ ಅದಕ್ಕೆ ಕಾಣುವುದಿಲ್ಲ. ಹೊಸ ಬಾಕ್ಸಿಗೆ ಹಳತು, ಹೊಸತು ಎರಡೂ ಕಾಣುತ್ತವೆ. ನೂರಿನ್ನೂರು ರೂಪಾಯಿ ಉಳಿಯುತ್ತದೆಂದು ಎಂಪೆಗ್-2 ಬಾಕ್ಸ್ ಒಯ್ಯಬೇಡಿ.

ಡಿವಿಬಿ-ಎಸ್2 ಎಂಬುದು ಚಿತ್ರದ್ದಲ್ಲ, ಸಾಗಣೆಯ ಪದ್ಧತಿ. ಎರಡನೆಯ ತಲೆಮಾರಿನದು. ಕೊನೆಯಲ್ಲಿ ಆ ‘2’ ಇದೆಯೇ ನೋಡಿಕೊಂಡರೆ ಸಾಕು.

ಸ್ಯಾಟಲೈಟ್: ಜಿಸ್ಯಾಟ್-15, 93.5 ಪೂರ್ವ

ಈ ಅಂಕಿ ನಮ್ಮ ಮಾಳಿಗೆಯ ಡಿಶ್ ಯಾವ ಕಡೆ ಮುಖ ಮಾಡಬೇಕೆಂದು ಹೇಳುತ್ತದೆ. ಸಮಭಾಜಕದ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಭೂಮಿಯ ಜೊತೆಗೇ ತಿರುಗುತ್ತವೆ, ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ರೇಖಾಂಶದ ಅಂಕಿಯೇ ಅವುಗಳ ವಿಳಾಸ. ಫ್ರೀ ಡಿಶ್‌ಗೆ 93.5. ಡಿಶ್ ಟಿವಿಗೆ 95. ಟಾಟಾ ಪ್ಲೇಗೆ 83. ಡಿ2ಎಚ್‌ಗೆ 88. ಏರ್‌ಟೆಲ್‌ಗೆ 108.2. ಸನ್ ಡೈರೆಕ್ಟ್‌ಗೆ 93.5 ಮತ್ತು 91.5.

ನವಲಗುಂದ ಇರುವುದು 75 ಡಿಗ್ರಿ ದಾಟಿದ ರೇಖಾಂಶದಲ್ಲಿ. ಅಂದರೆ ಈ ಎಲ್ಲ ಉಪಗ್ರಹಗಳೂ ನಮಗೆ ಪೂರ್ವಕ್ಕಿವೆ, ಸಮಭಾಜಕ ದಕ್ಷಿಣಕ್ಕಿದೆ. ನಮ್ಮ ಕಡೆಯ ಯಾವ ಊರಿಗೆ ಹೋದರೂ ಡಿಶ್ಶುಗಳೆಲ್ಲ ಆಗ್ನೇಯಕ್ಕೆ ಮುಖ ಮಾಡಿರುವುದು ಇದಕ್ಕೇ. ಲೆಕ್ಕ ಹಾಕಿದರೆ ಜಿಸ್ಯಾಟ್-15 ನವಲಗುಂದದಿಂದ ಉತ್ತರದಿಂದ ಬಲಕ್ಕೆ 129 ಡಿಗ್ರಿಯಲ್ಲಿ, ನೆಲದಿಂದ 62 ಡಿಗ್ರಿ ಎತ್ತರದಲ್ಲಿದೆ. ಟಾಟಾ ಪ್ಲೇಯ ಉಪಗ್ರಹ ಇನ್ನೂ ಮೇಲೆ, ಸುಮಾರು 70 ಡಿಗ್ರಿ. ಏರ್‌ಟೆಲ್‌ನದು ಸುಮಾರು 48 ಡಿಗ್ರಿಗೆ ಇಳಿದಿದೆ. ನವಲಗುಂದದ ಬಯಲಿನಲ್ಲಿ ಇದು ದೊಡ್ಡ ಮಾತಲ್ಲ. ಕಲಘಟಗಿಯ ಕಡೆ, ಮನೆಯ ಆಗ್ನೇಯಕ್ಕೆ ತೇಗವೋ ಮಾವೋ ಇದ್ದರೆ ದೊಡ್ಡ ಮಾತೇ. ಡಿಶ್ಶಿಗಿಂತ ಹತ್ತು ಮೀಟರ್ ಎತ್ತರದ ಮರ ಫ್ರೀ ಡಿಶ್ಶಿಗೆ ಅಡ್ಡ ಬರಬಾರದೆಂದರೆ ಆರು ಮೀಟರ್ ದೂರವಿದ್ದರೆ ಸಾಕು, 108.2ರ ಉಪಗ್ರಹಕ್ಕೆ ಸುಮಾರು ಒಂಬತ್ತು ಮೀಟರ್ ಬೇಕು. ಬಾಕ್ಸ್ ಆರಿಸುವ ಮೊದಲು ಅಂಗಳದಲ್ಲಿ ನಿಂತು ಆಗ್ನೇಯಕ್ಕೆ ತಲೆ ಎತ್ತಿ ನೋಡುವುದು ಉಪಯೋಗದ ಕೆಲಸ.

ತಟ್ಟೆಯ ಓರೆ ನೋಡಿ ಮೋಸ ಹೋಗಬೇಡಿ. ನಮ್ಮ ಮನೆಗಳಿಗೆ ಬರುವುದು ಆಫ್‌ಸೆಟ್ ತಟ್ಟೆ. ಅದು ಕಾಣುವುದಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಿನ ಆಕಾಶವನ್ನು ನೋಡುತ್ತಿರುತ್ತದೆ.

ವಿಳಾಸಗಳು ಬದಲಾಗುವುದೂ ಉಂಟು. ಡಿಡಿ ಡೈರೆಕ್ಟ್ ಶುರುವಾದದ್ದು 95 ಡಿಗ್ರಿಯ ಎನ್‌ಎಸ್‌ಎಸ್-6 ಉಪಗ್ರಹದಲ್ಲಿ. ಅಲ್ಲಿಂದ 93.5ರ ಇನ್ಸಾಟ್-4ಬಿಗೆ ಬಂತು. 2010ರ ಜುಲೈ 7ರಂದು ಇನ್ಸಾಟ್-4ಬಿಯ ಸೌರಫಲಕದ ಕಡೆಯಿಂದ ವಿದ್ಯುತ್ ಕೈಕೊಟ್ಟು, ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ಆರಿಸಬೇಕಾಯಿತು. ಸನ್ ಡೈರೆಕ್ಟ್ ಆಗ ಮಲೇಷಿಯಾದ ಮೀಸ್ಯಾಟ್-3ಕ್ಕೆ, 91.5 ಡಿಗ್ರಿಗೆ ಹೋಯಿತು. ಅದರ ಗಿರಾಕಿಗಳ ಡಿಶ್ಶುಗಳನ್ನು ಹೊರಳಿಸಬೇಕಾಯಿತು. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಜಿಸ್ಯಾಟ್-15 ಈಗಿನ ಆಸರೆ. ಬಾಕ್ಸ್ ಕೆಟ್ಟಿದೆ ಎಂದು ಎಸೆಯುವ ಮೊದಲು ಆಕಾಶದಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಬೇಕೆನ್ನುವುದು ಇದಕ್ಕೆ.

ಈ ಸಾಲಿನ ಹಿಂದೆ ಇನ್ನೂ ಹಳೆಯದೊಂದು ಅಧ್ಯಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಂದಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ನೆರೆಯ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಧಾರವಾಡ ಅದರಲ್ಲಿ ಇರಲಿಲ್ಲ. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ ಮೂರು ಮೀಟರಿನ ತಟ್ಟೆ, ಊರಿಗೊಂದು ಟಿವಿ, ಸಂಜೆ ಕನ್ನಡದಲ್ಲಿ ಬೇಸಾಯ ಮತ್ತು ಆರೋಗ್ಯದ ಕಾರ್ಯಕ್ರಮ. ಬೆಂಗಳೂರಿಗೆ ಟಿವಿ ಕೇಂದ್ರ ಬರುವ ಮೊದಲೇ ಉತ್ತರ ಕರ್ನಾಟಕದ ಹಳ್ಳಿಗರು ಉಪಗ್ರಹದಿಂದ ಟಿವಿ ನೋಡಿದ್ದರು. ನಮ್ಮ ಭಾಗಕ್ಕೆ ಇದು ಹೆಮ್ಮೆಯ ವಿಷಯ. ಶಾಲೆಯ ಪುಸ್ತಕದಲ್ಲಿ ಇರಬೇಕಾದದ್ದು.

ಎಲ್‌ಎನ್‌ಬಿ ಫ್ರೀಕ್ವೆನ್ಸಿ: 9750/10600
ಟಿಪಿ: 11090 ವಿ 29500

ಈ ಎರಡು ಸಾಲನ್ನು ಸೇರಿಸಿಯೇ ಓದಬೇಕು. ಟಿಪಿ ಎಂದರೆ ಟ್ರಾನ್ಸ್‌ಪಾಂಡರ್, ಉಪಗ್ರಹದಿಂದ ಕೆಳಗಿಳಿಯುವ ಒಂದು ಗಾಡಿ. ಅದರೊಳಗೆ ಹಲವು ಚಾನೆಲ್ ಕೂತು ಬರುತ್ತವೆ. 11090 ಎಂಬುದು ಮೆಗಾಹರ್ಟ್ಸ್ ಲೆಕ್ಕದಲ್ಲಿ ಅದರ ತರಂಗ. ‘ವಿ’ ಎಂದರೆ ವರ್ಟಿಕಲ್, ನೆಟ್ಟಗಿನ ಅಲೆ. 29500 ಅದರ ವೇಗ, ಸೆಕೆಂಡಿಗೆ 2 ಕೋಟಿ 95 ಲಕ್ಷ ಸಂಕೇತ.

ಇಷ್ಟು ಎತ್ತರದ ತರಂಗ ಸಾದಾ ಕೇಬಲಿನಲ್ಲಿ ಇಳಿದು ಮನೆಯೊಳಗೆ ಬರಲಾರದು, ದಾರಿಯಲ್ಲೇ ಸತ್ತುಹೋಗುತ್ತದೆ. ಅದಕ್ಕೇ ತಟ್ಟೆಯ ಮುಂದೆ ಕೋಲಿನ ತುದಿಗೆ ಎಲ್‌ಎನ್‌ಬಿ ಕೂರಿಸಿರುತ್ತಾರೆ. ಅದು ಬಂದ ತರಂಗದಿಂದ 9750ನ್ನು ಕಳೆಯುತ್ತದೆ. 11090ರಲ್ಲಿ 9750 ಹೋದರೆ 1340. ಈ 1340 ಮೆಗಾಹರ್ಟ್ಸ್ ಕೇಬಲಿನಲ್ಲಿ ಸುಲಭವಾಗಿ ಇಳಿಯುತ್ತದೆ. ಬಾಕ್ಸಿಗೆ ತಿಳಿಯುವುದು 950ರಿಂದ 2150ರವರೆಗಿನ ತರಂಗ ಮಾತ್ರ. ಸೆಟ್ಟಿಂಗಿನಲ್ಲಿ ಯಾರೋ ರಿಮೋಟ್ ಒತ್ತಿ ಎಲ್‌ಎನ್‌ಬಿ ಅಂಕಿಯನ್ನು 5150 ಮಾಡಿಬಿಟ್ಟರೆ ಲೆಕ್ಕವೇ ತಪ್ಪಿ ಒಂದು ಚಾನೆಲ್ಲೂ ಬರುವುದಿಲ್ಲ. 5150 ಬೇಕಾಗುವುದು ದೊಡ್ಡ ತಟ್ಟೆಯ ಸಿ-ಬ್ಯಾಂಡಿಗೆ. ಮಕ್ಕಳು ರಿಮೋಟ್ ಹಿಡಿದು ಆಡಿದ ಮರುದಿನ ಟಿವಿ ನಿಂತಿದ್ದರೆ ಮಾಳಿಗೆ ಹತ್ತುವ ಮೊದಲು ಈ ಅಂಕಿಯನ್ನು ನೋಡಿ. ಎಷ್ಟೋ ರಿಪೇರಿ ಅಲ್ಲೇ ಮುಗಿಯುತ್ತದೆ.

‘ವಿ’ಗೂ ಒಂದು ಗುಟ್ಟಿದೆ. ಬಾಕ್ಸು ಅದೇ ಕೇಬಲಿನ ಮೂಲಕ ಎಲ್‌ಎನ್‌ಬಿಗೆ ಕರೆಂಟನ್ನೂ ಕಳಿಸುತ್ತದೆ. 13 ವೋಲ್ಟ್ ಹೋದರೆ ಎಲ್‌ಎನ್‌ಬಿ ನೆಟ್ಟಗಿನ ಅಲೆ ಹಿಡಿಯುತ್ತದೆ, 18 ವೋಲ್ಟ್ ಹೋದರೆ ಅಡ್ಡಲಾಗಿ ಬರುವ ಅಲೆ. ಕೇಬಲ್ ಗಂಟು ಹಾಕಿ, ಟೇಪ್ ಸುತ್ತಿ, ಉದ್ದಕ್ಕೆ ಎಳೆದಿದ್ದರೆ ವೋಲ್ಟೇಜ್ ಕಡಿಮೆಯಾಗಿ ಒಂದು ಬಗೆಯ ಚಾನೆಲ್ ಬಂದು ಇನ್ನೊಂದು ಬಗೆಯದು ಮಾಯವಾಗುವುದುಂಟು. ಕೇಬಲ್ ಒಂದೇ ತುಂಡಿರಲಿ. ಅದರ ಮೇಲೆ ಆರ್‌ಜಿ-6 ಎಂದು ಬರೆದಿರಬೇಕು.

22ಕೆ: ಆಟೋ. ಡೈಸೆಕ್: ಆಫ್.

ಒಂದೇ ಡಿಶ್, ಒಂದೇ ಎಲ್‌ಎನ್‌ಬಿ ಇರುವ ಮನೆಗೆ ಇದಿಷ್ಟೇ ಇರಲಿ. ಎರಡು ಉಪಗ್ರಹ ಹಿಡಿಯುವ ಉತ್ಸಾಹಿಗಳು ಮಾತ್ರ ಇದನ್ನು ಮುಟ್ಟಬೇಕು.

ಸಿಗ್ನಲ್ ಸ್ಟ್ರೆಂಗ್ತ್: ... ಸಿಗ್ನಲ್ ಕ್ವಾಲಿಟಿ: ...

“ಸಿಗ್ನಲ್ ಐತ್ರಿ, ಆದ್ರ ಚಿತ್ರ ಬರವಲ್ದು” ಎಂದು ಗಿರಾಕಿ ಹೇಳಿದಾಗ ಅವರು ನೋಡಿರುವುದು ಸ್ಟ್ರೆಂಗ್ತ್ ಪಟ್ಟಿಯನ್ನು. ಸ್ಟ್ರೆಂಗ್ತ್ ಎಂದರೆ ಕೇಬಲಿನಲ್ಲಿ ಎಷ್ಟು ಶಕ್ತಿ ಬಂದಿದೆ ಎಂಬುದು. ಅದರಲ್ಲಿ ಗದ್ದಲವೂ ಸೇರಿರುತ್ತದೆ. ತಟ್ಟೆಯನ್ನು ಖಾಲಿ ಆಕಾಶಕ್ಕೆ ತಿರುಗಿಸಿದರೂ, ಎಲ್‌ಎನ್‌ಬಿಗೆ ಕರೆಂಟ್ ಇದ್ದರೆ ಸ್ಟ್ರೆಂಗ್ತ್ ಪಟ್ಟಿ ಮೇಲಕ್ಕೆ ನಿಂತಿರುತ್ತದೆ. ಕ್ವಾಲಿಟಿ ಪಟ್ಟಿ ಮಾತ್ರ ಬೇಕಾದ ಉಪಗ್ರಹದ ಬೇಕಾದ ತರಂಗ ಗದ್ದಲದಿಂದ ಬೇರೆಯಾಗಿ ಸಿಕ್ಕಾಗಲೇ ಏಳುತ್ತದೆ. ಬಾಕ್ಸುಗಳನ್ನು ಹೋಲಿಸುವಾಗ ಶೇಕಡಾವಾರು ನೋಡಿ ಇದು ಚಲೋ, ಅದು ಕೆಟ್ಟದ್ದು ಎನ್ನಬಾರದು. ಒಂದು ಕಂಪನಿಯ 60 ಇನ್ನೊಂದು ಕಂಪನಿಯ 80 ಆಗಿರಬಹುದು, ಏಕೆಂದರೆ ಅಳತೆ ಅವರವರದು. ಒಂದೇ ಬಾಕ್ಸಿನಲ್ಲಿ ತಟ್ಟೆ ಹೊರಳಿಸುತ್ತ ಕ್ವಾಲಿಟಿ ಏರಿತೋ ಇಳಿಯಿತೋ ನೋಡುವುದಕ್ಕೆ ಮಾತ್ರ ಆ ಅಂಕಿ.

ಎಷ್ಟು ಹೊರಳಿಸಬೇಕು? 60 ಸೆಂಟಿಮೀಟರ್ ತಟ್ಟೆಯ ಅಂಚು ಒಂದು ಸೆಂಟಿಮೀಟರ್ ಸರಿದರೆ ಅದರ ನೋಟ ಸುಮಾರು ಎರಡು ಡಿಗ್ರಿ ಸರಿಯುತ್ತದೆ. ಫ್ರೀ ಡಿಶ್‌ನ 93.5ಕ್ಕೂ ಡಿಶ್ ಟಿವಿಯ 95ಕ್ಕೂ ಇರುವ ಅಂತರವೇ ಒಂದೂವರೆ ಡಿಗ್ರಿ! ರೀಚಾರ್ಜ್ ಬಿಟ್ಟ ಹಳೆಯ ಡಿಶ್ ಟಿವಿ ತಟ್ಟೆ ಮಾಳಿಗೆಯ ಮೇಲಿದ್ದರೆ ಅದನ್ನೇ ಫ್ರೀ ಡಿಶ್‌ಗೆ ಬಳಸಿಕೊಳ್ಳಬಹುದು, ಬೋಲ್ಟ್ ಸಡಿಲಿಸಿ ಬೆರಳಷ್ಟು ದಕ್ಷಿಣಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಒತ್ತಿದರೆ ಸಾಕು. ಹಾಗೆಯೇ ತಪ್ಪು ನೆರೆಮನೆಗೆ ಹೋಗುವುದೂ ಅಷ್ಟೇ ಸುಲಭ. ಒತ್ತಿ, ಕೈ ಬಿಟ್ಟು, ಬಾಕ್ಸಿಗೆ ಎರಡು ಮೂರು ಸೆಕೆಂಡ್ ಸಮಯ ಕೊಟ್ಟು ಕ್ವಾಲಿಟಿ ನೋಡಬೇಕು. ಅವಸರದಲ್ಲಿ ತಿರುಗಿಸುತ್ತ ಹೋದವರಿಗೆ ಉಪಗ್ರಹ ಸಿಕ್ಕಿದ್ದೂ ಗೊತ್ತಾಗುವುದಿಲ್ಲ. ದಿಕ್ಕು ಸಿಕ್ಕ ಮೇಲೆ ಎಲ್‌ಎನ್‌ಬಿಯ ಕತ್ತನ್ನೂ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಬೇಕು. ಉಪಗ್ರಹ ನಮ್ಮ ನೆತ್ತಿಯ ನೇರಕ್ಕಿಲ್ಲದೆ ಪೂರ್ವಕ್ಕಿರುವುದರಿಂದ ಅದರ ‘ನೆಟ್ಟಗಿನ’ ಅಲೆ ನಮಗೆ ಓರೆಯಾಗಿ ಬರುತ್ತದೆ.

ಇಲ್ಲಿ ನಮ್ಮ ಎರೆಮಣ್ಣಿನ ಮಾತು ಹೇಳಲೇಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕರಿ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಂಗಳದಲ್ಲಿ ಪೈಪ್ ನೆಟ್ಟು ಅದರ ಮೇಲೆ ಡಿಶ್ ಕೂರಿಸಿದರೆ ಒಂದು ಮಳೆಗಾಲ, ಒಂದು ಬೇಸಿಗೆ ದಾಟುವಷ್ಟರಲ್ಲಿ ಪೈಪ್ ವಾಲುತ್ತದೆ, ಎರಡು ಡಿಗ್ರಿ ಅದಕ್ಕೆ ಏನೂ ಅಲ್ಲ. ಮಣ್ಣಿನ ಮಾಳಿಗೆಯ ಮೇಲೆ ಬೋಲ್ಟ್ ಹಿಡಿಯುವುದಿಲ್ಲ, ತೂತಿನಿಂದ ಮನೆ ಸೋರುತ್ತದೆ. ಕಲಘಟಗಿ ಕಡೆಯ ಹಂಚಿನ ಮನೆಗೆ ಮೇಲೆ ಜಾಗವೇ ಇಲ್ಲ. ಮೂರೂ ಕಡೆ ಸರಿಯಾದದ್ದು ಕಲ್ಲಿನ ಅಥವಾ ಇಟ್ಟಿಗೆಯ ಗಟ್ಟಿ ಗೋಡೆಗೆ ಬಿಗಿದ ಕಬ್ಬಿಣದ ಬ್ರ್ಯಾಕೆಟ್. ದುಬಾರಿ ಬಾಕ್ಸಿಗೆ ಕೊಡುವ ಹಣದಲ್ಲಿ ಒಂದಿಷ್ಟನ್ನು ಈ ಬ್ರ್ಯಾಕೆಟ್ಟಿಗೆ ಹಾಕಿದರೆ ಹೆಚ್ಚು ಫಲ.

ನೋ ಸಿಗ್ನಲ್

ಮಳೆಗಾಲದಲ್ಲಿ ಅತಿ ಹೆಚ್ಚು ಓದುವ ಸಾಲು. ಸೈಟ್ ಪ್ರಯೋಗದ ತರಂಗ ಸುಮಾರು 860 ಮೆಗಾಹರ್ಟ್ಸ್, ಅದರ ಒಂದು ಅಲೆಯ ಉದ್ದ 35 ಸೆಂಟಿಮೀಟರ್. ಮಳೆಹನಿ ಅದಕ್ಕೆ ಲೆಕ್ಕವೇ ಅಲ್ಲ, ತಂತಿಬಲೆಯ ತಟ್ಟೆಯೂ ಸಾಕಾಗಿತ್ತು. ಈಗಿನ 11090 ಮೆಗಾಹರ್ಟ್ಸಿನ ಅಲೆ ಮೂರು ಸೆಂಟಿಮೀಟರಿಗೂ ಕಡಿಮೆ. ತಟ್ಟೆ ಚಿಕ್ಕದಾದದ್ದು ಇದರಿಂದಲೇ, ದಪ್ಪ ಹನಿಯ ಮಳೆ ಆ ಅಲೆಯನ್ನು ಕುಡಿದುಬಿಡುವುದೂ ಇದರಿಂದಲೇ. ಜಡಿಮಳೆಯ ಕಲಘಟಗಿಗಿಂತ, ಸಂಜೆ ಗುಡುಗಿ ಒಮ್ಮೆಲೇ ಸುರಿಯುವ ನವಲಗುಂದದ ಮಳೆಯೇ ಹೆಚ್ಚಾಗಿ ಹತ್ತು ನಿಮಿಷ ಟಿವಿಯನ್ನು ಪೂರ್ತಿ ನಿಲ್ಲಿಸುವುದುಂಟು. ಯಾವ ಕಂಪನಿಯ ಬಾಕ್ಸೂ ಇದನ್ನು ತಪ್ಪಿಸಲಾರದು. ತಪ್ಪಿಸಲು ಇರುವ ದಾರಿ ತಟ್ಟೆಯ ಅಗಲ. 60 ಸೆಂಟಿಮೀಟರ್ ಬದಲು 90 ಸೆಂಟಿಮೀಟರ್ ತಟ್ಟೆ ಹಾಕಿದರೆ ಎರಡೂಕಾಲು ಪಟ್ಟು ಸಿಗ್ನಲ್ ಕೂಡುತ್ತದೆ.

ಬಿಸಿಲಿನಲ್ಲೂ ಈ ಸಾಲು ಬರುವ ದಿನಗಳಿವೆ. ಮಾರ್ಚ್ ಮಧ್ಯದ ಆಸುಪಾಸು ಕೆಲವು ದಿನ, ಮತ್ತೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲಿಗೆ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸೂರ್ಯ 93.5ರ ಉಪಗ್ರಹದ ಬೆನ್ನ ಹಿಂದೆ ಸರಿಯಾಗಿ ಬಂದು ನಿಲ್ಲುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ದನಿ ಕೆಲವು ನಿಮಿಷ ಮುಳುಗುತ್ತದೆ. ಯಾರನ್ನೂ ಕರೆಸಬೇಡಿ, ತಾನಾಗಿ ಬರುತ್ತದೆ.

ಮಳೆಯೂ ಇಲ್ಲ, ಆ ದಿನಗಳೂ ಅಲ್ಲ ಎಂದಾದರೆ ಎಲ್‌ಎನ್‌ಬಿಗೆ ಸೇರುವ ಕನೆಕ್ಟರನ್ನು ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಕೇಬಲ್ ಒಳಬರುವ ಮುನ್ನ ಕೆಳಗೊಂದು ಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸಿಡಿಲಿನ ಸಂಜೆ ಮಾತ್ರ ಪ್ಲಗ್ ಜೊತೆಗೆ ಡಿಶ್ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿಡಬೇಕು, ಅದೂ ಗುಡುಗು ಹತ್ತಿರ ಬರುವ ಮೊದಲೇ. ಬರೀ ಸ್ವಿಚ್ ಆರಿಸಿದರೆ ಸಾಲದು.

ಸ್ಕ್ರ್ಯಾಂಬಲ್ಡ್ ಚಾನೆಲ್

ಸಿಗ್ನಲ್ ಬಂದಿದೆ, ಬೀಗ ಹಾಕಿದೆ ಎಂದು ಅರ್ಥ. ಬೀಗದ ಕೈ ಕಂಪನಿ ಬಾಕ್ಸಿನ ಒಳಗಿರುತ್ತದೆ. ಒಂದು ಕಂಪನಿಯ ಬಾಕ್ಸನ್ನು ಇನ್ನೊಂದು ಕಂಪನಿಗೆ ಬಳಸಲು ಬಾರದಿರುವುದು ಇದಕ್ಕೇ. ಮೊಬೈಲಿನಲ್ಲಿ ಸಿಮ್ ಬದಲಿಸಿದಂತೆ ಬಾಕ್ಸ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ನೋಡುಗನಿಗೆ ಸಿಗಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿದೆ. ಅದು ಹಳ್ಳಿಯ ಮನೆಗೆ ಮುಟ್ಟಿಲ್ಲ. ಸಾಲ ಮಾಡಿ ಕಂಪನಿ ಬದಲಿಸಿದ ಮನೆಗಳ ಅಟ್ಟದ ಮೇಲೆ ಕೆಲಸಕ್ಕೆ ಬಾರದ, ಆದರೆ ಕೆಡದ ಬಾಕ್ಸುಗಳು ಬಿದ್ದಿವೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪವರ್: ಡಿಸಿ 12 ವೋಲ್ಟ್

ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ಹೊಲದ ಮನೆಯಲ್ಲಿ ಸೋಲಾರ್ ಬ್ಯಾಟರಿ ಇಟ್ಟುಕೊಂಡವರಿಗೆ ಇದು ದೊಡ್ಡ ಅನುಕೂಲ. 12 ವೋಲ್ಟಿನ ಬಾಕ್ಸನ್ನೂ 12 ವೋಲ್ಟಿನ ಸಣ್ಣ ಟಿವಿಯನ್ನೂ ತಿಳಿದವರಿಂದ ಜೋಡಿಸಿಕೊಂಡರೆ ಲೈನ್ ಹೋದಾಗಲೂ ಚಿತ್ರ ನಿಲ್ಲುವುದಿಲ್ಲ. ನೇರ 230 ವೋಲ್ಟಿನ ಬಾಕ್ಸಿಗೆ ಈ ಸೌಕರ್ಯವಿಲ್ಲ.

ಯುಎಸ್‌ಬಿ, ಪಿವಿಆರ್ ರೆಡಿ

ಪೆನ್‌ಡ್ರೈವ್ ಚುಚ್ಚಿ ಕಾರ್ಯಕ್ರಮ ಉಳಿಸಿಕೊಳ್ಳಬಹುದು ಎಂದು ಅರ್ಥ. ಮಕ್ಕಳಿರುವ ಮನೆಗೆ ಈ ಸಾಲು ಬೇಕು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಮೊಬೈಲ್ ನೆಟ್ ಇಲ್ಲದ ಮನೆಯ ಮಕ್ಕಳಿಗೆ ಟಿವಿಯೇ ಶಾಲೆಯಾಯಿತು. ಈಗಲೂ ಫ್ರೀ ಡಿಶ್‌ನಲ್ಲಿ ಪಿಎಂ ಇ-ವಿದ್ಯಾ ಪಾಠದ ಚಾನೆಲ್ಲುಗಳಿವೆ. ಹೊಲದ ಕೆಲಸದ ಹೊತ್ತಿಗೆ ತಪ್ಪಿದ ಪಾಠವನ್ನು ರಾತ್ರಿ ಹಾಕಿ ನೋಡಲು ಬರುತ್ತದೆ.

ಇನ್ನು ಟಿವಿಯನ್ನೇ ಹೊಸದಾಗಿ ಕೊಳ್ಳುವವರು, ಉಪಗ್ರಹದ ಟ್ಯೂನರ್ ಒಳಗೇ ಇರುವ ಟಿವಿ ಇದೆಯೇ ಎಂದು ಅಂಗಡಿಯಲ್ಲಿ ಕೇಳಬೇಕು. ಇದಕ್ಕಾಗಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ‘ಐಎಸ್ 18112:2022’ ಎಂಬ ಮಾನದಂಡವನ್ನು ತಂದಿದೆ. ಅಂಥ ಟಿವಿಗೆ ಫ್ರೀ ಚಾನೆಲ್ ನೋಡಲು ಬಾಕ್ಸೇ ಬೇಡ, ಡಿಶ್ ಕೇಬಲ್ ನೇರ ಸಿಗಿಸಿದರೆ ಆಯಿತು.

ತೀರ್ಮಾನ ಕೇಳುವವರಿಗೆ ನನ್ನ ಮಾತು ಹೀಗೆ. ನಮ್ಮ ನಾಲ್ಕು ತಾಲ್ಲೂಕಿನ ಹಳ್ಳಿಮನೆಗೆ ಮೊದಲ ಬಾಕ್ಸ್ ಎಂಪೆಗ್-4, ಡಿವಿಬಿ-ಎಸ್2 ಇರುವ ಫ್ರೀ ಡಿಶ್ ಬಾಕ್ಸೇ ಆಗಲಿ, ಗೋಡೆಗೆ ಬಿಗಿದ 90 ಸೆಂಟಿಮೀಟರ್ ತಟ್ಟೆಯ ಜೊತೆ. ಕನ್ನಡ ಧಾರಾವಾಹಿ, ಸಿನಿಮಾ, ಸುದ್ದಿ ಬೇಕೇ ಬೇಕು ಎನ್ನುವ ಮನೆಗೆ ಇಂದಿಗೂ ಕಂಪನಿ ಬಾಕ್ಸ್ ಬೇಕಾಗುತ್ತದೆ, ಏಕೆಂದರೆ ಫ್ರೀ ಡಿಶ್‌ನಲ್ಲಿ ಹಿಂದಿಯ ಪಾಲು ದೊಡ್ಡದು, ಕನ್ನಡದ ಪಾಲು ಬಹಳ ಸಣ್ಣದು. ಬಡ ಕನ್ನಡಿಗನು ಪುಕ್ಕಟೆ ನೋಡಬೇಕಾದರೆ ಹಿಂದಿ ನೋಡು, ಕನ್ನಡ ಬೇಕಾದರೆ ರೀಚಾರ್ಜ್ ಮಾಡು ಎಂಬ ಸ್ಥಿತಿ ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಶೋಭೆಯಲ್ಲ. ಹರಾಜಿನಲ್ಲಿ ಕನ್ನಡಕ್ಕೆ ಮೀಸಲು ಜಾಗವನ್ನೂ ಕಡಿಮೆ ದರವನ್ನೂ ಪ್ರಸಾರ ಭಾರತಿ ಕೊಡಬೇಕು. ಕನ್ನಡ ಚಾನೆಲ್ಲುಗಳ ಮಾಲೀಕರೂ ಅಲ್ಲಿಗೆ ಬರಬೇಕು. ನಮ್ಮ ಗ್ರಾಮ ಸಭೆಗಳು ಠರಾವು ಮಾಡಿ ಸಂಸದರಿಗೆ ಕಳಿಸಲಿ. ಕೇಳದೆ ಇದು ಬರುವುದಿಲ್ಲ.